ಅಪ್ಪನ ಡೆಸ್ಕ್‌ಟಾಪಿನ ಮೇಲೆ ‘ಮಳೆ’

ನಮ್ಮ ಕಣದ ಮೂಲೆಯಲ್ಲಿ, ಮರದ ಕೊಂಬೆಯಾಗಲಿ ಸೂರಿನ ಹನಿಯಾಗಲಿ ತಾಗದ ಕಡೆ, ಒಂದು ಮಳೆ ಗೇಜ್ ಇದೆ. ಬೆಳಗ್ಗೆ ಎಂಟೂವರೆಗೆ ಅಪ್ಪ ಅದರೊಳಗಿನ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಾರೆ. ಹವಾಮಾನ ಇಲಾಖೆಯವರೂ ಮಳೆಯ ದಿನವನ್ನು ಬೆಳಗ್ಗೆ 8.30ಕ್ಕೇ ಮುಗಿಸುತ್ತಾರೆ. ಅಪ್ಪನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅಜ್ಜ ಓದುತ್ತಿದ್ದ ಹೊತ್ತು ಅದು, ಹಾಗೇ ನಡೆದುಕೊಂಡು ಬಂತು. ಅಳತೆ ಮಾತ್ರ ಇಲಾಖೆಯದಲ್ಲ. ಕಾಫಿ ಸೀಮೆಯಲ್ಲಿ ಮಳೆಯ ಲೆಕ್ಕ ಇವತ್ತಿಗೂ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಸಕಲೇಶಪುರದ ಪೇಟೆಯಲ್ಲಿ ಇಬ್ಬರು ಬೆಳೆಗಾರರು ಎದುರಾದರೆ ಕ್ಷೇಮಸಮಾಚಾರಕ್ಕಿಂತ ಮೊದಲು ‘ನಿಮ್ಮ ಕಡೆ ಎಷ್ಟಾಯ್ತು?’ ಎನ್ನುತ್ತಾರೆ. ‘ಅರವತ್ತು ಸೆಂಟು’ ಎಂದರೆ ಸಾಕು, ಉಳಿದದ್ದು ಎದುರಿನವರಿಗೆ ತಿಳಿಯುತ್ತದೆ. ಮಾರ್ಚ್, ಏಪ್ರಿಲ್‌ನ ಹೂ ಮಳೆಯಲ್ಲಂತೂ ಈ ಸೆಂಟುಗಳ ಬೆಲೆಯೇ ಬೇರೆ. ಒಂದು ಇಂಚು ಬಿದ್ದರೆ ರೊಬಸ್ಟಾ ಕಾಫಿಯ ಹೂ ಚೆನ್ನಾಗಿ ಅರಳುತ್ತದೆ. ನಲವತ್ತು ಸೆಂಟಿಗೆ ನಿಂತುಬಿಟ್ಟರೆ ಸ್ಪ್ರಿಂಕ್ಲರ್ ಹೊರಡಿಸಬೇಕೋ ಬೇಡವೋ ಎಂದು ಆ ಬೆಳಗ್ಗೆಯೇ ತೀರ್ಮಾನ ಮಾಡಬೇಕು.

ಎರಡು ವರ್ಷದಿಂದ ಅಪ್ಪ ಈ ಅಂಕಿಯನ್ನು ಎರಡು ಕಡೆ ಬರೆಯುತ್ತಿದ್ದಾರೆ. ಮೊದಲು ಉದ್ದನೆಯ ನೋಟ್‌ಬುಕ್ಕಿನಲ್ಲಿ. ಆಮೇಲೆ ಒಳಗೆ ಬಂದು, ಕೈ ಒರೆಸಿಕೊಂಡು, ಲ್ಯಾಪ್‌ಟಾಪ್ ತೆರೆದು, ನೀಲಿ ಹನಿಯ ಚಿತ್ರದ ಕೆಳಗೆ ‘ಮಳೆ’ ಎಂದಿರುವ ಐಕಾನನ್ನು ಎರಡು ಸಲ ಒತ್ತುತ್ತಾರೆ. ಚಿಕ್ಕದೊಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ಇವತ್ತಿನ ತಾರೀಖು, ಇಂಚಿಗೊಂದು ಸೆಂಟಿಗೊಂದು ಖಾನೆ, ‘ಸೇರಿಸು’ ಎಂಬ ಗುಂಡಿ. ಮೇಲೆ ಟ್ಯಾಬುಗಳಿಲ್ಲ, ವಿಳಾಸದ ಪಟ್ಟಿಯಿಲ್ಲ, ಹಿಂದೆ ಮುಂದೆ ಹೋಗುವ ಸಾಲಿಲ್ಲ. ನೋಡಿದವರು ಇದು ಯಾವುದೋ ಸಾಫ್ಟ್‌ವೇರ್ ಎಂದುಕೊಳ್ಳುತ್ತಾರೆ. ಅದೊಂದು ವೆಬ್ ಪುಟ. ಬ್ರೌಸರೇ ಅದನ್ನು ನಡೆಸುತ್ತಿದೆ, ತನ್ನ ಚೌಕಟ್ಟನ್ನು ಕಳಚಿ ಪಕ್ಕಕ್ಕಿಟ್ಟು.

ವೆಬ್ ಪುಟ ಕಟ್ಟುವುದೇ ನನ್ನ ಕೆಲಸ. 2020ರಲ್ಲಿ ಬೆಂಗಳೂರಿನಿಂದ ಊರಿಗೆ ಬಂದವಳು ಇಲ್ಲೇ ಉಳಿದುಕೊಂಡೆ. ವೆಬ್‌ಸೈಟನ್ನು ಆ್ಯಪ್ ಥರ ನಡೆಸುವ ಈ ಸೌಕರ್ಯ ನನಗೆ ಹೊಸದಾಗಿರಲಿಲ್ಲ. ಆದರೆ ಅದು ಯಾರಿಗೆ ಬೇಕು, ಯಾಕೆ ಬೇಕು ಎನ್ನುವುದು ಅರ್ಥವಾದದ್ದು ನಮ್ಮ ಮನೆಯ ಒಂದು ಪಹಣಿಯಿಂದ.

ಸಾಲದ ಕಾಗದಕ್ಕೆ ಪಹಣಿ ಬೇಕಾಗಿತ್ತು. ನಾನು ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆ. ಮಗಳಿಗೆ ಯಾಕೆ ತೊಂದರೆ ಎಂದು ಅಪ್ಪ ತಾವೇ ಬ್ರೌಸರ್ ತೆರೆದು, ಮೇಲಿನ ಬಿಳಿ ಪೆಟ್ಟಿಗೆಯಲ್ಲಿ ಪಹಣಿ ಎಂದು ಬರೆದು, ಮೊದಲು ಕಂಡದ್ದನ್ನು ಒತ್ತಿದರು. ಅದು ಸರ್ಕಾರದ ಪುಟ ಆಗಿರಲಿಲ್ಲ. ಲಾಂಛನದ ಹಾಗೆ ಕಾಣುವ ಒಂದು ಚಿತ್ರ ಹಾಕಿಕೊಂಡಿದ್ದ ಯಾರೋ ಮಧ್ಯವರ್ತಿಯ ಪುಟ. ಹೆಸರು, ಫೋನು, ಸರ್ವೆ ನಂಬರು ಕೇಳಿತು, 250 ರೂಪಾಯಿ ತೆಗೆದುಕೊಂಡಿತು. ಪಹಣಿ ಬರಲಿಲ್ಲ. ಬದಲಿಗೆ ಸಾಲ ಬೇಕಾ ಎಂದು ಕೇಳುವ ಫೋನುಗಳು ಬರತೊಡಗಿದವು.

ಅಪ್ಪ ಇದನ್ನು ನನಗೆ ನಾಲ್ಕು ದಿನ ಹೇಳಲಿಲ್ಲ. ಹೇಳಿದಾಗಲೂ ದುಡ್ಡಿನ ಮಾತೆತ್ತಲಿಲ್ಲ. ‘ಸರ್ವೆ ನಂಬರ್ ಕೊಟ್ಬುಟ್ನಲ್ಲವ್ವ’ ಎಂದರು, ಅಷ್ಟೇ. ನಲವತ್ತು ವರ್ಷ ತೋಟದ ಲೆಕ್ಕ ಇಟ್ಟವರು, ಒಂದು ಚೀಲದ ತೂಕದಲ್ಲಿ ಅರ್ಧ ಕೆಜಿ ವ್ಯತ್ಯಾಸ ಬಂದರೆ ಹಿಡಿಯುವವರು. ಆ ಮಾತು ಹೇಳುವಾಗ ನೆಲ ನೋಡುತ್ತಿದ್ದರು.

‘ವಿಳಾಸ ನೋಡಬೇಕಿತ್ತಪ್ಪ’ ಎಂದೆ. ‘ಅದೇ ಡಬ್ಬಿಲಿ ಬರ್ದಿದ್ದಲ್ವ ನಾನು?’ ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ಅದೇ ಡಬ್ಬಿ. 2008ರ ಸೆಪ್ಟೆಂಬರ್ 2ರಂದು ಗೂಗಲ್‌ನ ಕ್ರೋಮ್ ಬ್ರೌಸರ್ ಬಂದಾಗ, ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ವಿಳಾಸದ ಪೆಟ್ಟಿಗೆಯನ್ನೂ ಹುಡುಕುವ ಪೆಟ್ಟಿಗೆಯನ್ನೂ ಒಂದೇ ಮಾಡಿತು. ನಮ್ಮಂಥವರಿಗೆ ಅದು ಅನುಕೂಲ. ಆದರೆ ಗೊತ್ತಿರುವ ಮನೆಗೆ ನೇರವಾಗಿ ಹೋಗುವುದಕ್ಕೂ, ದಾರಿಯಲ್ಲಿ ನಿಂತವನನ್ನು ಕೇಳಿಕೊಂಡು ಹೋಗುವುದಕ್ಕೂ ಇದ್ದ ಗೆರೆ ಅವತ್ತೇ ಅಳಿಸಿಹೋಯಿತು. ಅಪ್ಪನ ಮಟ್ಟಿಗೆ ಪ್ರತಿ ಸಲವೂ ದಾರಿ ಕೇಳಿಕೊಂಡೇ ಹೋಗಬೇಕು, ಕೇಳಿದವನು ಸರಿಯಾದವನೋ ಅಲ್ಲವೋ ಎಂಬುದನ್ನೂ ಅವರೇ ಕಂಡುಹಿಡಿಯಬೇಕು.

ಕ್ರೋಮ್‌ನ ಆ ಮೊದಲ ಆವೃತ್ತಿಯಲ್ಲೇ ಇನ್ನೊಂದು ಸೌಕರ್ಯವೂ ಇತ್ತು: ಯಾವುದೇ ಪುಟವನ್ನು ಶಾರ್ಟ್‌ಕಟ್ ಮಾಡಿ ಡೆಸ್ಕ್‌ಟಾಪಿನ ಮೇಲಿಟ್ಟರೆ, ಒತ್ತಿದಾಗ ಅದು ತನ್ನದೇ ಕಿಟಕಿಯಲ್ಲಿ ತೆರೆಯುತ್ತಿತ್ತು. ಅದಕ್ಕೂ ಒಂದು ವರ್ಷ ಮುಂಚೆ, 2007ರಲ್ಲಿ, ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರು ಇದೇ ಕೆಲಸಕ್ಕೆ ಪ್ರಿಸ್ಮ್ ಎಂಬುದನ್ನು ಹೊರತಂದಿದ್ದರು, ಮೊದಲು ಅದರ ಹೆಸರು ವೆಬ್‌ರನ್ನರ್. ಹಾಸನದಲ್ಲಿ ಓದುವಾಗ ರೂಮಿನ ಹಳೇ ಕಂಪ್ಯೂಟರಿನಲ್ಲಿ ಮೇಲ್ ನೋಡಲು ನಾನು ಅದನ್ನೇ ಬಳಸುತ್ತಿದ್ದೆ. ಬ್ರೌಸರ್ ಸಿಕ್ಕಿಹಾಕಿಕೊಂಡು ನಿಂತರೂ ಮೇಲ್‌ನ ಕಿಟಕಿ ತನ್ನ ಪಾಡಿಗೆ ಇರುತ್ತಿತ್ತು. ಅದೇ ದೊಡ್ಡ ಸುಖವಾಗಿತ್ತು ಆಗ. ಕೆಲವೇ ವರ್ಷಗಳಲ್ಲಿ ಮೊಜಿಲ್ಲಾ ಅದನ್ನು ಕೈಬಿಟ್ಟಿತು. ಆಮೇಲೆ ಫೈರ್‌ಫಾಕ್ಸ್‌ನೊಳಗೇ ಪ್ರಯೋಗಕ್ಕೆಂದು ಇಟ್ಟಿದ್ದ ಇಂಥದ್ದೇ ಸೌಕರ್ಯವನ್ನು 2021ರ ಜನವರಿಯಲ್ಲಿ, 85ನೇ ಆವೃತ್ತಿಯಲ್ಲಿ, ತೆಗೆದುಹಾಕಿತು. ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ, 143ನೇ ಆವೃತ್ತಿಯಲ್ಲಿ, ವಿಂಡೋಸ್‌ಗೆ ಮರಳಿ ತಂದಿತು. ಹದಿನೆಂಟು ವರ್ಷದಲ್ಲಿ ಒಂದೇ ವಿಚಾರ ಬಂದು, ಹೋಗಿ, ಬಂದಿದೆ. ನಾನು ಇಷ್ಟು ವರ್ಷ ಫೈರ್‌ಫಾಕ್ಸ್ ಬಳಸಿದವಳು, 2021ರಲ್ಲಿ ನನಗೆ ನಿಜವಾಗಿ ಬೇಜಾರಾಗಿತ್ತು. ಬೇಕು ಎನ್ನುವವರು ಕಡಿಮೆ ಎಂದು ತೆಗೆದಿದ್ದರು. ಬೇಕಾದವರಿಗೆ ಅದು ಇರುವುದೇ ಗೊತ್ತಿರುವುದಿಲ್ಲ, ಅಪ್ಪನ ಹಾಗೆ.

ನಡುವೆ ಇದಕ್ಕೊಂದು ಗಟ್ಟಿ ಅಡಿಪಾಯ ಬಿದ್ದದ್ದು 2015ರಲ್ಲಿ. ವಿನ್ಯಾಸಕಿ ಫ್ರಾನ್ಸಿಸ್ ಬೆರಿಮನ್ ಮತ್ತು ಗೂಗಲ್‌ನ ಎಂಜಿನಿಯರ್ ಅಲೆಕ್ಸ್ ರಸೆಲ್ ಇಂಥ ಪುಟಗಳಿಗೆ ‘ಪ್ರೋಗ್ರೆಸಿವ್ ವೆಬ್ ಆ್ಯಪ್’ ಎಂದು ಹೆಸರಿಟ್ಟರು. ಅದೇ ವರ್ಷ, ನೆಟ್ ಇಲ್ಲದಾಗಲೂ ಪುಟ ತೆರೆಯುವಂತೆ ಮಾಡುವ ಸರ್ವಿಸ್ ವರ್ಕರ್ ಎಂಬ ತಂತ್ರ ಕ್ರೋಮ್‌ಗೆ ಬಂತು. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ ಕಂಪ್ಯೂಟರುಗಳಲ್ಲೂ ಇವುಗಳನ್ನು ಇನ್‌ಸ್ಟಾಲ್ ಮಾಡುವಂತಾಯಿತು. 2023ರಿಂದ ಆಪಲ್‌ನ ಮ್ಯಾಕ್‌ನಲ್ಲೂ ಸಫಾರಿ ಬ್ರೌಸರಿನಿಂದ ಪುಟವನ್ನು ಡಾಕ್‌ಗೆ, ಅಂದರೆ ಪರದೆಯ ಅಂಚಿನ ಐಕಾನುಗಳ ಸಾಲಿಗೆ, ಸೇರಿಸಬಹುದು. ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಮಿಂಟ್‌ನಲ್ಲಿ ಇದಕ್ಕೆಂದೇ ವೆಬ್ ಆ್ಯಪ್ಸ್ ಎಂಬ ಚಿಕ್ಕ ತಂತ್ರಾಂಶ ಇದೆ, ನನ್ನ ಸ್ವಂತ ಕಂಪ್ಯೂಟರಿನಲ್ಲಿ ಅದನ್ನೇ ಬಳಸುತ್ತೇನೆ.

ಪಹಣಿಯ ಘಟನೆಯಾದ ವಾರವೇ ಅಪ್ಪನ ಪಕ್ಕ ಕುಳಿತೆ. ಅವರಿಗೆ ಕಂಪ್ಯೂಟರಿನಿಂದ ಬೇಕಾದ ಕೆಲಸಗಳು ಎಷ್ಟು ಎಂದು ಎಣಿಸಿದರೆ ಒಂದು ಕೈಯ ಬೆರಳಿಗೆ ಮುಗಿಯಿತು. ಪಹಣಿ ನೋಡುವುದು, ಬ್ಯಾಂಕು, ಕಾಫಿ ರೇಟು, ಮೇಲ್. ಒಂದೊಂದನ್ನೂ ನಾನೇ ಸರಿಯಾದ ವಿಳಾಸ ಬರೆದು ತೆರೆದೆ. ಎರಡೆರಡು ಸಲ ಓದಿದೆ. ಆಮೇಲೆ ಬ್ರೌಸರಿನ ಬಲ ಮೂಲೆಯ ಮೂರು ಚುಕ್ಕಿ ಒತ್ತಿ, ಪುಟವನ್ನು ಆ್ಯಪ್ ಆಗಿ ಇನ್‌ಸ್ಟಾಲ್ ಮಾಡುವ ಸಾಲನ್ನು ಹುಡುಕಿ ಒತ್ತಿದೆ. ಮೈಕ್ರೋಸಾಫ್ಟ್‌ನ ಎಡ್ಜ್ ಬ್ರೌಸರಿನಲ್ಲಾದರೆ ಅದು ‘ಆ್ಯಪ್ಸ್’ ಎಂಬುದರ ಒಳಗಿರುತ್ತದೆ. ಐಕಾನುಗಳು ಡೆಸ್ಕ್‌ಟಾಪಿಗೆ ಬಂದವು, ಉದ್ದುದ್ದ ಇಂಗ್ಲಿಷ್ ಹೆಸರುಗಳ ಸಮೇತ. ಒಂದೊಂದನ್ನೇ ಆರಿಸಿ ಎಫ್2 ಒತ್ತಿ ಹೆಸರು ಬದಲಿಸಿದೆ: ಪಹಣಿ. ಬ್ಯಾಂಕು. ಕಾಫಿ ರೇಟು. ಅಂಚೆ.

‘ಅಂಚೆ’ ಎಂದದ್ದು ಅಪ್ಪನೇ. ಆ ಲ್ಯಾಪ್‌ಟಾಪಿನ ಮೇಲೆ ಅದುವರೆಗೆ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. ಹೆಸರು ಬದಲಾದ ಮೇಲೆ ಅವರು ಕನ್ನಡಕ ಸರಿಮಾಡಿಕೊಂಡು, ಮುಂದಕ್ಕೆ ಬಾಗಿ, ನಾಲ್ಕನ್ನೂ ಗಟ್ಟಿಯಾಗಿ ಓದಿದರು. ಮನೆಯ ಬೀರುವಿನ ಕೀಲಿಗಳಿಗೆ ಚೀಟಿ ಕಟ್ಟಿಟ್ಟಿದ್ದಾರಲ್ಲ, ‘ಗೋಡೌನ್’, ‘ಮೋಟರ್ ಮನೆ’, ‘ಹಿಂದಿನ ಬಾಗ್ಲು’ ಎಂದು, ಅವನ್ನು ಓದುವ ಧಾಟಿಯಲ್ಲೇ.

ವಿಳಾಸದ ಪಟ್ಟಿ ಕಾಣದಿರುವುದು ಅಪಾಯ ಎಂದು ನನ್ನ ಜೊತೆ ಕೆಲಸ ಮಾಡುವವರು ಹೇಳುತ್ತಾರೆ. ವಿಳಾಸ ಓದಬಲ್ಲವರಿಗೆ ಅದು ನಿಜ. ಅಪ್ಪನ ವಿಷಯದಲ್ಲಿ ನನಗೆ ತದ್ವಿರುದ್ಧ ಕಾಣುತ್ತದೆ. ಓದಬೇಕಾದವರು ಒಂದು ಸಲ, ಹಗಲು ಬೆಳಕಿನಲ್ಲಿ, ಸಮಾಧಾನದಿಂದ ಓದಿ ಐಕಾನ್ ಮಾಡಿಕೊಟ್ಟಿದ್ದಾರೆ. ಆಮೇಲೆ ಪ್ರತಿ ಸಲ ಹುಡುಕುವ ಕೆಲಸವೇ ಇಲ್ಲ. ಮೋಸ ನುಗ್ಗುವುದು ಆ ಹುಡುಕಾಟದ ಸಂದಿಯಲ್ಲಿ. ಹಾಗೆಂದು ಕಣ್ಣುಮುಚ್ಚಿ ಇನ್‌ಸ್ಟಾಲ್ ಮಾಡುವಂತಿಲ್ಲ: ಹೆಸರು, ಐಕಾನು ಎಲ್ಲವನ್ನೂ ಪುಟ ಮಾಡಿದವರೇ ಹೇಳಿಕೊಳ್ಳುತ್ತಾರೆ, ಸುಳ್ಳು ಪುಟವೂ ಒಳ್ಳೆಯ ಐಕಾನ್ ಇಟ್ಟುಕೊಳ್ಳಬಹುದು. ಕಿಟಕಿಯ ಮೂರು ಚುಕ್ಕಿ ಒತ್ತಿ ಆ್ಯಪ್ ಮಾಹಿತಿ ನೋಡಿದರೆ ಅಸಲಿ ವಿಳಾಸ ಸಿಗುತ್ತದೆ. ಕ್ರೋಮ್‌ನಲ್ಲಿ ಇನ್ನೊಂದು ಒಳ್ಳೆಯ ಏರ್ಪಾಡಿದೆ. ಆ್ಯಪ್‌ನ ಕಿಟಕಿಯೊಳಗಿಂದ ಬೇರೆ ತಾಣಕ್ಕೆ ಹೊರಬಿದ್ದರೆ ಮೇಲುಗಡೆ ತೆಳುವಾದ ಒಂದು ಪಟ್ಟಿ ಬಂದು ಹೊಸ ವಿಳಾಸ ತೋರಿಸುತ್ತದೆ. ಅಪ್ಪನಿಗೆ ಇದೊಂದನ್ನು ಹೇಳಿಕೊಟ್ಟೆ: ‘ನೆತ್ತಿ ಮೇಲೆ ಪಟ್ಟಿ ಬಂದ್ರೆ ಬೇರೆಯವರ ಜಮೀನಿಗೆ ಕಾಲಿಟ್ಟಿದ್ದೀಯ ಅಂತ.’ ಅವರು ಅದನ್ನು ‘ಬೇಲಿ’ ಎನ್ನುತ್ತಾರೆ. ಬೇಲಿ ಬಂತು ಎಂದರೆ ಕೈ ತೆಗೆದು ನನ್ನನ್ನು ಕರೆಯುತ್ತಾರೆ.

‘ಮಳೆ’ ಹುಟ್ಟಿದ್ದು ಇದಾದ ಮೇಲೆ. ನಾಲ್ಕು ಐಕಾನುಗಳು ಕೈಗೆ ಹತ್ತಿದ ಮೇಲೆ ಅಪ್ಪನೇ ಕೇಳಿದರು, ಮಳೆ ಲೆಕ್ಕಕ್ಕೂ ಒಂದು ಬರುತ್ತಾ ಎಂದು. ಒಂದು ಭಾನುವಾರ ಕುಳಿತು ಕಟ್ಟಿದೆ. ಪುಟ ಒಂದು ಫೈಲು. ಮ್ಯಾನಿಫೆಸ್ಟ್ ಎಂಬುದು ಇನ್ನೊಂದು: ಆ್ಯಪ್‌ನ ಹೆಸರೇನು, ಮೊದಲು ತೆರೆಯಬೇಕಾದ ಪುಟ ಯಾವುದು, ಐಕಾನ್ ಎಲ್ಲಿದೆ (192 ಮತ್ತು 512 ಪಿಕ್ಸೆಲ್‌ನ ಎರಡು ಚಿತ್ರ) ಎಂದು ಹೇಳುವ ಹತ್ತು ಹನ್ನೆರಡು ಸಾಲು. ಅದರಲ್ಲಿ ಡಿಸ್‌ಪ್ಲೇ ಎಂಬ ಸಾಲಿಗೆ ‘ಸ್ಟ್ಯಾಂಡ್‌ಅಲೋನ್’ ಎಂದು ಬರೆದರೆ ಬ್ರೌಸರಿನ ಚೌಕಟ್ಟು ಕಳಚಿಕೊಳ್ಳುತ್ತದೆ. ಮೂರನೆಯದು ಸರ್ವಿಸ್ ವರ್ಕರ್. ಮೊದಲ ಸಲ ಪುಟ ತೆರೆದಾಗ ಅದು ಬೇಕಾದ ಫೈಲುಗಳನ್ನೆಲ್ಲ ಕಂಪ್ಯೂಟರಿನಲ್ಲೇ ಎತ್ತಿಟ್ಟುಕೊಳ್ಳುತ್ತದೆ. ಮುಂದಿನ ಸಲ ಪುಟ ಏನು ಕೇಳಿದರೂ, ಕೈಯಲ್ಲಿದ್ದರೆ ಅಲ್ಲಿಂದಲೇ ಕೊಡುತ್ತದೆ. ಇದು ಕೆಲಸ ಮಾಡಬೇಕಾದರೆ ಪುಟ ಸುರಕ್ಷಿತವಾದ ಎಚ್‌ಟಿಟಿಪಿಎಸ್ ವಿಳಾಸದಲ್ಲಿರಬೇಕು, ಅಷ್ಟೇ.

ನಮ್ಮಂಥ ಊರಿಗೆ ಇದೇ ದೊಡ್ಡದು. ಹಾನುಬಾಳಿನಿಂದ ಒಳಗಿರುವ ನಮ್ಮಲ್ಲಿ ಜುಲೈ ತಿಂಗಳಲ್ಲಿ ಕರೆಂಟು ಹೋದರೆ ಎರಡು ದಿನ, ಅದರ ಹಿಂದೆಯೇ ಟವರು. ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ‘ಮಳೆ’ ತೆರೆಯುತ್ತದೆ, ಅಂಕಿ ಸೇರುತ್ತದೆ. ‘ಬ್ಯಾಂಕು’, ‘ಪಹಣಿ’ ಹಾಗಲ್ಲ. ಅವು ಕಿಟಕಿ ಮಾತ್ರ ತೆರೆದು ನೆಟ್‌ವರ್ಕ್ ಇಲ್ಲ ಎಂದು ಹೇಳುತ್ತವೆ. ಒಂದೇ ಥರ ಕಾಣುವ ಐಕಾನುಗಳಲ್ಲಿ ಒಂದು ಮಳೆಯಲ್ಲೂ ನಡೆಯುತ್ತದೆ, ಉಳಿದವು ನಿಲ್ಲುತ್ತವೆ ಎನ್ನುವುದನ್ನು ಅಪ್ಪನಿಗೆ ವಿವರಿಸುವುದು ಸ್ವಲ್ಪ ಕಷ್ಟವಾಯಿತು. ಜೀಪಿದ್ದ ಕಡೆಯೆಲ್ಲ ಫೋರ್‌ವೀಲ್ ಇರಲ್ಲ ಎಂದಾಗ ತಲೆಯಾಡಿಸಿದರು.

ಇದೇ ಕೆಲಸಕ್ಕೆ ಡೌನ್‌ಲೋಡ್ ಮಾಡಿಕೊಳ್ಳುವ ಆ್ಯಪ್ ಮಾಡಿಕೊಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಈಗಿನ ಡೆಸ್ಕ್‌ಟಾಪ್ ಆ್ಯಪ್‌ಗಳಲ್ಲಿ ಎಷ್ಟೋ ಎಲೆಕ್ಟ್ರಾನ್ ಎಂಬುದರ ಮೇಲೆ ನಿಂತಿವೆ. ಅವೂ ಒಳಗಿನಿಂದ ವೆಬ್ ಪುಟಗಳೇ. ಆದರೆ ಪ್ರತಿಯೊಂದೂ ತನ್ನ ಹೊಟ್ಟೆಯಲ್ಲಿ ಒಂದೊಂದು ಇಡೀ ಕ್ರೋಮಿಯಮ್ ಬ್ರೌಸರನ್ನು (ಕ್ರೋಮ್‌ನ ಮೂಲ ಅದೇ) ಹೊತ್ತುಕೊಂಡು ಬರುತ್ತದೆ, ನೂರು ಎಂಬಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಅಪ್ಪನ ಲ್ಯಾಪ್‌ಟಾಪಿನ ರ‍್ಯಾಮ್ 4 ಜಿಬಿ. ಅದರಲ್ಲಿ ಇರುವ ಒಂದೇ ಬ್ರೌಸರ್ ಐದು ಕಿಟಕಿಗಳನ್ನು ನಡೆಸಲಿ, ಸಾಕು.

ಇಷ್ಟೆಲ್ಲ ಸರಿಹೋಯಿತು ಎನ್ನುವಾಗ ನಾನು ಮಾಡಿದ್ದ ಒಂದು ತಪ್ಪು ಮೇಲೆದ್ದಿತು. ಮಳೆಯ ಅಂಕಿಗಳನ್ನೆಲ್ಲ ಬ್ರೌಸರಿನೊಳಗಿನ ಸಂಗ್ರಹದಲ್ಲೇ ಇಟ್ಟಿದ್ದೆ. ನೋಡುವುದಕ್ಕೆ ಬೇರೆ ಆ್ಯಪ್ ಆದರೂ ಕ್ರೋಮ್‌ನಲ್ಲಿ ಈ ಕಿಟಕಿಗಳೆಲ್ಲ ಬ್ರೌಸರಿನ ಪ್ರೊಫೈಲನ್ನೇ ಹಂಚಿಕೊಳ್ಳುತ್ತವೆ, ಅದೇ ಲಾಗಿನ್, ಅದೇ ಕುಕಿ, ಅದೇ ಸಂಗ್ರಹ. ರಜಕ್ಕೆ ಬಂದ ಅಕ್ಕನ ಮಗ, ಅಜ್ಜನ ಲ್ಯಾಪ್‌ಟಾಪ್ ನಿಧಾನ ಎಂದು ಬ್ರೌಸರಿನ ಹಳೇ ಡೇಟಾ ಎಲ್ಲ ಒರೆಸಿದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಮರುದಿನ ಎಂಟೂವರೆಗೆ ಅಪ್ಪ ‘ಮಳೆ’ ತೆರೆದರೆ ಒಳಗೆ ಏನೂ ಇಲ್ಲ. ‘ಎಲ್ಲೋಯ್ತವ್ವ ಇದು?’ ಎಂದು ಕೇಳಿದ ದನಿ ಇನ್ನೂ ಕಿವಿಯಲ್ಲಿದೆ. ಜೂನ್, ಜುಲೈ ಎರಡು ತಿಂಗಳ ಅಂಕಿ. ಐಕಾನ್ ಮಾತ್ರ ಡೆಸ್ಕ್‌ಟಾಪಿನ ಮೇಲೆ ಹಾಗೇ ಇತ್ತು, ನೀಲಿ ಹನಿ.

ನೋಟ್‌ಬುಕ್ ಇತ್ತು, ಹಾಗಾಗಿ ಉಳಿದುಕೊಂಡೆವು. ಆ ಸಂಜೆ ಅಪ್ಪ ಓದುತ್ತಾ ಹೋದರು, ನಾನು ತುಂಬುತ್ತಾ ಹೋದೆ. ‘ಹದಿನಾಲ್ಕು, ಎರಡು ಇಂಚು ಮೂವತ್ತೈದು.’ ಪಕ್ಕದಲ್ಲಿ 59.7 ಮಿ.ಮೀ. ಎಂದು ತಾನೇ ಮೂಡುತ್ತಿತ್ತು. ‘ಹದಿನೈದು, ಮೂರು ಇಂಚು ಹತ್ತು. ಅವತ್ತು ಹಳ್ಳ ತುಂಬಿ ಆಳು ಬರ್ಲಿಲ್ಲ.’ ‘ಹದಿನಾರು, ಬರೀ ಹನ್ನೆರಡು ಸೆಂಟು.’ ಪ್ರತಿ ಅಂಕಿಯ ಪಕ್ಕ ಅವರ ಹತ್ತಿರ ಒಂದು ಮಾತಿತ್ತು. ಎಷ್ಟೋ ಮಾತು ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಲ್ಲೂ ಇತ್ತು: ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಶುರು, ಸುಣ್ಣ ಹಾಕಿದ್ದು, ಗಾಳಿಗೆ ಸಿಲ್ವರ್ ಮರ ಬಿದ್ದದ್ದು. ನನ್ನ ಪುಟದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆ ರಾತ್ರಿಯೇ ‘ಷರಾ’ ಎಂದು ಇನ್ನೊಂದು ಖಾನೆ ಸೇರಿಸಿದೆ.

ಆಮೇಲೆ ಉಳಿದದ್ದನ್ನೂ ಸರಿಮಾಡಿದೆ. ಅಪ್ಪನಿಗೆಂದೇ ಬ್ರೌಸರಿನಲ್ಲಿ ಬೇರೆ ಪ್ರೊಫೈಲ್ ಮಾಡಿ ಐದೂ ಆ್ಯಪ್‌ಗಳನ್ನು ಅಲ್ಲಿಂದ ಮತ್ತೆ ಇನ್‌ಸ್ಟಾಲ್ ಮಾಡಿದೆ. ಮಕ್ಕಳು ಬಂದಾಗ ಬಳಸುವುದು ಇನ್ನೊಂದು ಪ್ರೊಫೈಲ್. ಸಂಗ್ರಹವನ್ನು ಖಾಯಂ ಆಗಿಡು ಎಂದು ಬ್ರೌಸರನ್ನು ಕೇಳಿಕೊಳ್ಳುವ ಒಂದು ಸಾಲು ಕೋಡ್ ಇದೆ, ಅದನ್ನೂ ಬರೆದೆ. ಜಾಗ ಸಾಲದೆ ಬ್ರೌಸರ್ ತಾನಾಗಿ ಅಳಿಸುವುದನ್ನು ಅದು ತಡೆಯುತ್ತದೆ, ಮನುಷ್ಯರು ಒರೆಸಿದರೆ ಅದೂ ಏನೂ ಮಾಡಲಾರದು. ಹಾಗಾಗಿ ಪುಟದ ಕೆಳಗೆ ‘ನಕಲು ತೆಗೆ’ ಎಂಬ ಗುಂಡಿ ಇಟ್ಟೆ. ಒತ್ತಿದರೆ ಆ ವರ್ಷದ ಅಂಕಿಯೆಲ್ಲ ಒಂದು ಫೈಲಾಗಿ ಪೆನ್‌ಡ್ರೈವಿಗೆ ಹೋಗುತ್ತದೆ. ಪ್ರತಿ ತಿಂಗಳ ಒಂದನೇ ತಾರೀಖು ಅಪ್ಪ ಅದನ್ನು ಮಾಡುತ್ತಾರೆ. ನೋಟ್‌ಬುಕ್ ಬಿಡಬೇಡಿ ಎಂದು ನಾನು ಹೇಳಬೇಕಾಗಿಯೇ ಬರಲಿಲ್ಲ.

ಕಳೆದ ವರ್ಷ ‘ಕಾಫಿ ರೇಟು’ ಒಮ್ಮೆ ಕೈಕೊಟ್ಟಿತು. ಆ ತಾಣದವರು ಪುಟಗಳ ವಿಳಾಸ ಬದಲಿಸಿದ್ದರು, ಐಕಾನ್ ಒತ್ತಿದರೆ ಪುಟ ಸಿಗಲಿಲ್ಲ ಎಂದು ಬಂತು. ನಾನು ಊಟ ಮಾಡುತ್ತಿದ್ದೆ. ಬೇರೆ ಕಡೆ ಹುಡುಕದೆ ಅಪ್ಪ ನನಗಾಗಿ ಕಾದರು. ಅರೇಬಿಕಾ ಪಾರ್ಚ್‌ಮೆಂಟ್ ಕಾಫಿ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ್ದು) 50 ಕೆಜಿ ಚೀಲಕ್ಕೆ ಎಷ್ಟಿದೆ ಎಂದು ತಿಳಿಯುವ ಅವಸರ ಅವರಿಗೆ ಎಷ್ಟಿತ್ತು ಎಂದು ನನಗೆ ಗೊತ್ತು, ವ್ಯಾಪಾರಿ ಬೆಳಗ್ಗೆಯೇ ಫೋನ್ ಮಾಡಿದ್ದ. ಆದರೂ ಕಾದರು. ಹೊಸ ವಿಳಾಸ ಹುಡುಕಿ ಇನ್ನೊಮ್ಮೆ ಐಕಾನ್ ಮಾಡಿಕೊಟ್ಟೆ. ಮೊದಲಿನ ಜಾಗದಲ್ಲೇ ಇಡಬೇಕೆಂದರು, ‘ಬ್ಯಾಂಕಿ’ನ ಕೆಳಗೆ.

ಈ ಸಲ ಕೊಯ್ಲಿಗೆ ಮೊದಲು ಆರನೆಯದೊಂದು ಕೇಳಿದ್ದಾರೆ. ದೊಡ್ಡ ಎಸ್ಟೇಟುಗಳಲ್ಲಿ ಆಳಿನ ಲೆಕ್ಕಕ್ಕೆ ರೈಟರ್ ಇರುತ್ತಾರೆ. ನಮ್ಮದು ಎಂಟು ಎಕರೆ, ಎಲ್ಲ ಅಪ್ಪನೇ. ಪೂರ್ತಿ ದಿನ, ಅರ್ಧ ದಿನ, ಮುಂಗಡ, ಹಣ್ಣು ಕೊಯ್ಯುವ ದಿನಗಳಲ್ಲಿ ಯಾರು ಎಷ್ಟು ಕೆಜಿ ಎಂಬ ತೂಕ. ಜನರ ಹೆಸರು, ದುಡ್ಡು ಇರುವ ಲೆಕ್ಕ, ಇದು ಯಾವ ಸರ್ವರಿಗೂ ಹೋಗದೆ ಈ ಲ್ಯಾಪ್‌ಟಾಪಿನಲ್ಲೇ ಇರಬೇಕು ಎಂಬುದರಲ್ಲಿ ನಮ್ಮಿಬ್ಬರಿಗೂ ಒಮ್ಮತ. ಅರ್ಧ ಕಟ್ಟಿದ್ದೇನೆ. ಶನಿವಾರದ ಬಟವಾಡೆಯ ಪುಟ ಇನ್ನೂ ಬಾಕಿ. ಹೆಸರಿಗೆ ನಾನು ‘ಹಾಜರಿ’ ಎಂದು ಹಾಕಿ ತೋರಿಸಿದೆ.

‘ಅದೇನು ಹಾಜರಿ, ಇಸ್ಕೂಲಾ? ಚೆಕ್‌ರೋಲ್ ಅಂತ ಹಾಕವ್ವ’ ಎಂದರು. ತೋಟಗಳಲ್ಲಿ ಆಳಿನ ಲೆಕ್ಕದ ಪುಸ್ತಕಕ್ಕೆ ಅದೇ ಹೆಸರು.

ಮ್ಯಾನಿಫೆಸ್ಟ್ ತೆರೆದು, ಹೆಸರಿನ ಸಾಲಿನಲ್ಲಿ ಚೆಕ್‌ರೋಲ್ ಎಂದೇ ಬರೆದಿದ್ದೇನೆ.